ಮಗು ಸ್ನೋ ತಿಂದುಬಿಟ್ಟರೆ?

ಸೋಮವಾರ ಬೆಳಿಗ್ಗೆ ಡೇಕೇರ್‌ಗೆ ಹೊರಟಿದ್ದೆವು. ನಾನು ಬೀಗ ಹಾಕಿ ತಿರುಗುವಷ್ಟರಲ್ಲಿ ಮೂರು ವರ್ಷದ ಮಗಳು ಮೆಟ್ಟಿಲ ಮೇಲೆ ಕೂತು ಗ್ಲೌಸ್‌ಗೆ ಅಂಟಿದ್ದ ಸ್ನೋ ನೆಕ್ಕುತ್ತಿದ್ದಳು. ಹತ್ತಿರ ಹೋಗಿ ನೋಡಿದರೆ ಉಣ್ಣೆಯ ಎಳೆಗಳ ನಡುವೆ ಕಲ್ಲುಪ್ಪಿನಂಥ ಹರಳು, ಜೊತೆಗೆ ಎರಡು ಪುಟ್ಟ ಜಲ್ಲಿ ಚೂರು. ಎದೆ ಧಸಕ್ಕೆಂದಿತು. ಉಗುಳಿಸಿ, ಬಾಯಿ ತೊಳೆಸಿ, ನೀರು ಕುಡಿಸಿದೆ. ಸದ್ಯ, ಏನೂ ಆಗಲಿಲ್ಲ.

ರಾತ್ರಿ ವಿಡಿಯೋ ಕಾಲ್‌ನಲ್ಲಿ ಹೇಳಿದಾಗ ಅಮ್ಮ, "ಅಯ್ಯೋ, ಮಗೂಗೆ ನೆಗಡಿ ಆಗಲ್ವೇನೇ?" ಅಂದರು. ನೆಗಡಿ ಬರುವುದು ವೈರಸ್‌ನಿಂದ, ಅದಕ್ಕೆ ನನಗೆ ಭಯವಿಲ್ಲ. ಅಷ್ಟಕ್ಕೂ ಏಪ್ರಿಲ್ ಮಳೆಯಲ್ಲಿ ಅಂಗಳಕ್ಕೆ ಬಿದ್ದ ಆಲಿಕಲ್ಲನ್ನು ಆರಿಸಿ ಆರಿಸಿ ತಿಂದವಳಲ್ಲವಾ ನಾನು!

ನನ್ನ ಭಯ ಆ ಸ್ನೋ ಎಲ್ಲಿ ಬಿದ್ದಿತ್ತು ಅನ್ನುವುದು. ಇಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಜಾರದಿರಲಿ ಅಂತ ಫುಟ್‌ಪಾತಿಗೂ ಮೆಟ್ಟಿಲಿಗೂ ಉಪ್ಪು, ಸಣ್ಣ ಜಲ್ಲಿ ಸುರಿಯುತ್ತಾರೆ. ಯಂತ್ರ ಬಂದು ರಸ್ತೆಯದನ್ನೆಲ್ಲ ಗುಡ್ಡೆ ಹಾಕಿ ಹೋಗುತ್ತದೆ, ಮಕ್ಕಳಿಗೆ ಆ ಗುಡ್ಡೆಯೇ ಇಷ್ಟ. ಅದರೊಳಗೆ ಕಾರಿನ ಎಣ್ಣೆ, ನಾಯಿ ಉಚ್ಚೆ, ಎಲ್ಲಾ ಇರುತ್ತದೆ. ಇದೇ ಊರಿನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪಾರಿಸಾ ಆರಿಯಾ ಅವರ ತಂಡ 2016ರಲ್ಲಿ ಸ್ನೋಗೆ ಕಾರಿನ ಹೊಗೆ ತಾಗಿಸಿ ನೋಡಿತ್ತು. ಬೆಂಜೀನ್, ಟಾಲ್ವೀನ್‌ನಂಥ ವಿಷಗಳನ್ನು ಸ್ನೋ ಹೀರಿಕೊಂಡಿತ್ತು. ನೋಡುವುದಕ್ಕೆ ಬೆಳ್ಳಗಿದ್ದರೆ ಸಾಲದು, ರಸ್ತೆಯಿಂದ ದೂರವೂ ಇರಬೇಕು.

ಇನ್ನೊಂದು ವಿಷಯ. ಸ್ನೋ ಬೀಳುವಾಗ ಗಾಳಿಯಲ್ಲಿರುವ ಧೂಳು, ಮಸಿಯನ್ನು ತೊಳೆದುಕೊಂಡೇ ಕೆಳಗೆ ಬರುತ್ತದೆ. ಹಾಗಾಗಿ ಮೊದಲು ಬಿದ್ದದ್ದಕ್ಕಿಂತ ಆಮೇಲೆ ಬಿದ್ದದ್ದು ವಾಸಿ. ಹಳದಿ, ಕಂದು, ಬೂದು ಬಣ್ಣದ್ದಂತೂ ಬೇಡವೇ ಬೇಡ. ಗುಲಾಬಿ ಬಣ್ಣ ಕಂಡರೆ ಅದು ಪಾಚಿ, ಅದನ್ನೂ ಮುಟ್ಟಿಸಬೇಡಿ. ಗಟ್ಟಿ ಐಸ್ ತುಂಡು ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಹುಷಾರು.

ಹೊಸದಾಗಿ ಬಿದ್ದ ಬಿಳಿ ಸ್ನೋ ಒಂದೆರಡು ಚಮಚ ತಿಂದರೆ ಹೆದರಬೇಕಿಲ್ಲ. ಹತ್ತು ಲೋಟ ಹಗುರ ಸ್ನೋ ಕರಗಿಸಿದರೆ ಸಿಗುವುದು ಸುಮಾರು ಒಂದು ಲೋಟ ನೀರು ಅಷ್ಟೇ. ನಮ್ಮ ಈ ಕ್ವಿಬೆಕ್ ಪ್ರಾಂತ್ಯದವರು ಮಾರ್ಚ್ ಬಂತೆಂದರೆ ಮೇಪಲ್ ಮರದ ರಸ ಕಾಯಿಸಿದ ಪಾಕವನ್ನು ಬಿಸಿಬಿಸಿಯಾಗಿ ಶುಭ್ರ ಸ್ನೋ ಮೇಲೆ ಹೊಯ್ದು, ಕಡ್ಡಿಗೆ ಸುತ್ತಿ ಮಕ್ಕಳ ಕೈಗೆ ಕೊಡುತ್ತಾರೆ. ನನ್ನ ಮಗಳೂ ಹೋದ ವರ್ಷ ಎರಡು ತಿಂದಳು.

ಪೂರ್ತಿ ಬೇಡ ಅಂದರೆ ಕದ್ದು ತಿನ್ನುತ್ತಾಳೆ, ಗೊತ್ತು. ಅದಕ್ಕೇ ಮೊನ್ನೆ ಶನಿವಾರ ಸ್ನೋ ಶುರುವಾಗಿ ಒಂದೆರಡು ಗಂಟೆ ಆದಮೇಲೆ ಹಿಂದಿನ ಬಾಲ್ಕನಿಯಲ್ಲಿ ಸ್ಟೀಲ್ ಪಾತ್ರೆ ಇಟ್ಟೆವು. ಅವಳು ಕಿಟಕಿಗೆ ಮೂಗು ಒತ್ತಿ ಕಾದಳು. ತುಂಬಿದ ಮೇಲೆ ಊರಿಂದ ತಂದ ಜೋನಿ ಬೆಲ್ಲ ಒಂದು ಚಮಚ ಹಾಕಿಕೊಟ್ಟೆ. ಈಗ ದಿನಾ ಬೆಳಿಗ್ಗೆ ಎದ್ದ ಕೂಡಲೇ "ಅಮ್ಮಾ, ಪಾತ್ರೆ ಇಟ್ಟಾ?" ಅಂತ ಕೇಳುತ್ತಾಳೆ.