ದೆಹಲಿಯಿಂದ ವಾಪಸ್ ಬರುವ ಸಚಿವರು ಮತ್ತು ನನ್ನ ಟಪಾಲು ಪುಸ್ತಕ

ಸಾಹೇಬರ ಖಾತೆ ಹೋದ ಮೂರನೇ ದಿನ ನನ್ನನ್ನು ಕರೆದರು. "ಮುಂದಿನ ಸಲ ನಾನು ವಿಧಾನಸಭೆಗೆ ನಿಲ್ಲಬಹುದಾ? ಎಲ್ಲಾ ನೋಡಿ ಒಂದು ಟಿಪ್ಪಣಿ ಮಾಡಪ್ಪ" ಅಂದರು.

ನಾನು ಅವರ ಜೊತೆ ಒಂಬತ್ತು ವರ್ಷ ಇದ್ದೆ. ಕೊನೆಯ ನಾಲ್ಕು ವರ್ಷ ದೆಹಲಿಯಲ್ಲಿ, ಕೇಂದ್ರ ಸಚಿವರ ಆಪ್ತ ಸಿಬ್ಬಂದಿಯಲ್ಲಿ ಒಬ್ಬನಾಗಿ. ಟಪಾಲು ನೋಡುವುದು, ಊರಿನಿಂದ ಬಂದವರನ್ನು ಮಾತಾಡಿಸುವುದು, ಶಿಫಾರಸು ಪತ್ರ ಟೈಪ್ ಮಾಡಿ ಸಹಿಗೆ ಇಡುವುದು ನನ್ನ ಕೆಲಸ. ಅವರ ಹೆಸರು, ಊರು ಇಲ್ಲಿ ಬರೆಯುವುದಿಲ್ಲ. ನನ್ನನ್ನು ನಂಬಿ ಕೊಟ್ಟ ಕೆಲಸ ಅದು. ಆದರೆ ಆ ಟಿಪ್ಪಣಿ ಮಾಡುವಾಗ ನನಗೆ ಗೊತ್ತಾದದ್ದನ್ನು ಇಂಥ ಕಚೇರಿಗಳಿಗೆ ಹೊಸದಾಗಿ ಸೇರುವವರಿಗೆ ಹೇಳಬೇಕು ಅಂತ ತುಂಬಾ ದಿನದಿಂದ ಅನ್ನಿಸುತ್ತಿತ್ತು.

ಕಾನೂನಿನ ಭಾಗ ಎರಡೇ ದಿನದಲ್ಲಿ ಮುಗಿಯಿತು. ವಿಧಾನಸಭೆಗೆ ನಿಲ್ಲಲು 25 ವರ್ಷ ಆಗಿರಬೇಕು, ಆ ರಾಜ್ಯದ ಯಾವುದಾದರೂ ಒಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರು ಇರಬೇಕು. ಲೋಕಸಭೆಗೆ ಹಾಗಲ್ಲ, ದೇಶದ ಯಾವ ಮೂಲೆಯಲ್ಲಿ ವೋಟು ಇದ್ದರೂ ನಡೆಯುತ್ತದೆ. 2003ರ ತಿದ್ದುಪಡಿ ಆದ ಮೇಲೆ ರಾಜ್ಯಸಭೆಗೂ ಅಷ್ಟೇ. ಹಾಗಾಗಿ ದೆಹಲಿಗೆ ಹೋದವರು ವೋಟನ್ನೂ ಅಲ್ಲಿಗೇ ವರ್ಗ ಮಾಡಿಸಿಕೊಂಡಿದ್ದರೆ, ವಾಪಸ್ ಬರುವ ಮೊದಲು ಅದನ್ನು ಊರಿಗೆ ತರಬೇಕು. ನಾಮಪತ್ರದ ಕೊನೆಯ ದಿನ ದಾಟಿದರೆ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ. ನಮ್ಮ ಸಾಹೇಬರ ವೋಟು ಊರಿನಲ್ಲೇ ಇತ್ತು. ಸಂಸದರು ಕೆಲಸದ ಮೇಲೆ ಕ್ಷೇತ್ರದಿಂದ ದೂರ ಇದ್ದ ಮಾತ್ರಕ್ಕೆ ಅಲ್ಲಿನ ವಾಸ ತಪ್ಪಿಹೋಗುವುದಿಲ್ಲ ಅಂತ 1950ರ ಕಾಯ್ದೆಯೇ ಹೇಳುತ್ತದೆ.

ಸಚಿವ ಸ್ಥಾನದಲ್ಲಿದ್ದೇ ಸ್ಪರ್ಧಿಸಲೂ ಅಡ್ಡಿಯಿಲ್ಲ. ಮಂತ್ರಿ ಪದವಿಯನ್ನು ಲಾಭದಾಯಕ ಹುದ್ದೆ ಅಂತ ಸಂವಿಧಾನ ಎಣಿಸುವುದಿಲ್ಲ. ಸಂಸದರಾಗಿದ್ದೇ ಶಾಸಕರಾಗಿ ಗೆದ್ದರೆ ಮಾತ್ರ ಎರಡರಲ್ಲಿ ಒಂದನ್ನು ಬಿಡಬೇಕು. ಆಯ್ಕೆ ಗೆಜೆಟ್‌ನಲ್ಲಿ ಪ್ರಕಟವಾದ ಮೇಲೆ 14 ದಿನ ಟೈಮ್. ಅಷ್ಟರಲ್ಲಿ ಶಾಸಕ ಸ್ಥಾನ ಬಿಡದಿದ್ದರೆ ಸಂಸತ್ತಿನ ಸ್ಥಾನ ತಾನಾಗಿ ಖಾಲಿಯಾಗುತ್ತದೆ.

ನನಗೆ ಜಾಸ್ತಿ ಓಡಾಟ ಕೊಟ್ಟಿದ್ದು ಬಂಗಲೆ. ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ, ಕಳೆದ 10 ವರ್ಷದಲ್ಲಿ ಸರ್ಕಾರಿ ಮನೆಯಲ್ಲಿ ಇದ್ದಿರಾ ಅಂತ ಕೇಳುತ್ತಾರೆ. ಇದ್ದಿದ್ದರೆ ಬಾಡಿಗೆ, ಕರೆಂಟು, ನೀರು, ಟೆಲಿಫೋನು ನಾಲ್ಕಕ್ಕೂ ಬಾಕಿ ಇಲ್ಲ ಅನ್ನುವ ಪತ್ರ ಬೇಕು. ನಾಲ್ಕೂ ಬೇರೆ ಬೇರೆ ಕಚೇರಿ. ಹಳೆಯ ಮನೆ, ಹೊಸ ಮನೆ ಅಂತ ಎರಡೆರಡು ಸಲ. ಒಂದು ಹಳೆಯ ಫೋನ್ ಬಿಲ್ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕುವುದಕ್ಕೇ ಮೂರು ವಾರ ಆಯಿತು. ಇಂಥ ಕಚೇರಿಯಲ್ಲಿ ಕೆಲಸ ಮಾಡುವವರು ಈ ಪತ್ರಗಳನ್ನು ವರ್ಷ ವರ್ಷ ತೆಗೆದಿಡಿ. ಚುನಾವಣೆ ಘೋಷಣೆಯಾದ ಮೇಲೆ ಓಡಬೇಡಿ.

ಹನ್ನೊಂದು ಪುಟದ ಟಿಪ್ಪಣಿ ಆಯಿತು. ಕಲಂಗಳೆಲ್ಲಾ ಸರಿಯಾಗಿದ್ದವು. ಅವರ ಮುಂದೆ ಇಟ್ಟೆ. ಅವರು ನಿಧಾನವಾಗಿ ಓದಿದರು. ಕನ್ನಡಕ ತೆಗೆದು, "ಇದೆಲ್ಲಾ ಆಗುತ್ತೆ. ಬೂತಿಗೆ ಕೂರೋರು ಯಾರು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಎರಡು ಸಲ ಗೆದ್ದಿದ್ದ ಹಳೆಯ ವಿಧಾನಸಭಾ ಕ್ಷೇತ್ರದ ಬಗ್ಗೆ ಕೇಳುತ್ತಿದ್ದರು. ಅವರು ಲೋಕಸಭೆಗೆ ಹೋದ ಮೇಲೆ ಅಲ್ಲಿ ಅವರ ಶಿಷ್ಯನೇ ನಿಂತು ಗೆದ್ದಿದ್ದ. ಅಲ್ಲಿನ ಪ್ರತಿ ಬೂತಿನ ಹುಡುಗರ ಹೆಸರು ನನಗೆ ಒಂದು ಕಾಲದಲ್ಲಿ ಬಾಯಿಪಾಠ ಇತ್ತು. ಅವತ್ತು ಎಣಿಸಿದರೆ ಹದಿನೈದು ಹೆಸರೂ ನೆನಪಾಗಲಿಲ್ಲ.

ಅವತ್ತು ರಾತ್ರಿ ಟಪಾಲು ಪುಸ್ತಕಗಳನ್ನು ತೆಗೆದೆ. ಸಚಿವಾಲಯದ ಕಡತಗಳಲ್ಲ, ಊರಿನಿಂದ ಬಂದ ಮನವಿಗಳಿಗೆ ಅಂತ ನಾನೇ ಇಟ್ಟುಕೊಂಡಿದ್ದ ಪುಸ್ತಕಗಳು. ನಾಲ್ಕು ವರ್ಷಕ್ಕೆ ನಾಲ್ಕು. ಕೇಂದ್ರ ಸಚಿವರ ಕಚೇರಿಗೆ ಊರಿನಿಂದ ಏನು ಬರುತ್ತದೆ ಅಂತ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ವೇಟಿಂಗ್ ಲಿಸ್ಟ್ ಟಿಕೆಟ್ ಕನ್ಫರ್ಮ್ ಮಾಡಿಸಲು ರೈಲ್ವೆಯ ತುರ್ತು ಕೋಟಾಕ್ಕೆ ಪತ್ರ. ಪ್ರಧಾನಿಯವರ ಪರಿಹಾರ ನಿಧಿಯಿಂದ ಆಪರೇಷನ್ನಿಗೆ ನೆರವು ಕೇಳಿ ಪತ್ರ. ಕೇಂದ್ರೀಯ ವಿದ್ಯಾಲಯದ ಸೀಟು. ಅದಕ್ಕೆ 2022ರಲ್ಲಿ ರದ್ದಾಗುವವರೆಗೂ ಒಬ್ಬ ಸಂಸದರಿಗೆ ವರ್ಷಕ್ಕೆ 10 ಸೀಟಿನ ಕೋಟಾ ಇತ್ತು, ಕೇಳುವವರು ನೂರಾರು ಜನ. ದೇಶದ ದೊಡ್ಡ ದೊಡ್ಡ ನೀತಿ ನಡೆಯುವ ಕಟ್ಟಡದಲ್ಲಿ ನನ್ನ ಮೇಜಿನ ಮೇಲೆ ಇರುತ್ತಿದ್ದುದು ಇವು. ಇವು ಸಣ್ಣ ವಿಷಯ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಆದರೂ ನನ್ನ ಕಣ್ಣಿಗೆ ಒಂದು ಬದಲಾವಣೆ ಕಾಣಲೇ ಇಲ್ಲ.

ತಾಲ್ಲೂಕುವಾರು ಗೆರೆ ಹಾಕಿ ಎಣಿಸಿದೆ. ಮೊದಲ ವರ್ಷದ ಪುಸ್ತಕದಲ್ಲಿ ನಮ್ಮ ತಾಲ್ಲೂಕಿನ ಹೆಸರು ಪುಟ ಪುಟದಲ್ಲೂ ಇತ್ತು. ಎರಡನೇ ವರ್ಷ ಅರ್ಧಕ್ಕೆ ಬಂತು. ನಾಲ್ಕನೇ ವರ್ಷದಲ್ಲಿ ಪುಟ ತಿರುಗಿಸುತ್ತಾ ಹೋದರೆ ಎಲ್ಲೋ ಒಂದು. ಆ ಜಾಗದಲ್ಲಿ ಉದ್ದಿಮೆಗಳ ಸಂಘಗಳು, ಬೇರೆ ರಾಜ್ಯದ ಸಂಸದರು, ಬೆಂಗಳೂರಿನ ವಿಳಾಸಗಳು.

ಆ ನಾಲ್ಕನೇ ವರ್ಷ ನನಗೆ ಚೆನ್ನಾಗಿ ನೆನಪಿದೆ. ಊರಿನ ಟಪಾಲು ಕಡಿಮೆಯಾಗಿದೆ, ಕೆಲಸ ಒಂದು ಹದಕ್ಕೆ ಬಂದಿದೆ ಅಂತ ನನಗೆ ಸಮಾಧಾನ ಆಗಿತ್ತು. ಜನರ ಕಷ್ಟ ಕಡಿಮೆಯಾಗಿರಲಿಲ್ಲ. ಅವರು ನಮ್ಮನ್ನು ಕೇಳುವುದನ್ನು ಬಿಟ್ಟಿದ್ದರು. ನಾನು ಅದನ್ನು ಒಳ್ಳೆಯ ಸುದ್ದಿ ಅಂತ ಓದಿಕೊಂಡಿದ್ದೆ. ನನ್ನ ಇಡೀ ಕೆಲಸದ ಬದುಕಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಯಾವುದು ಅಂತ ಕೇಳಿದರೆ ಇದನ್ನೇ ಹೇಳುತ್ತೇನೆ.

ಎರಡನೇ ವರ್ಷದ ಪುಸ್ತಕದಲ್ಲಿ ಒಂದು ಹೆಸರು ಮೂರು ಸಲ ಬಂದಿತ್ತು. ಮೂರು ಚುನಾವಣೆಯಲ್ಲಿ ನಮ್ಮ ಪರವಾಗಿ ಮತಗಟ್ಟೆ ಏಜೆಂಟ್ ಆಗಿ ಕೂತವರು. ತಮ್ಮನ ಹೃದಯದ ಆಪರೇಷನ್ನಿಗೆ ನೆರವು ಕೇಳಿದ್ದರು. ಆಸ್ಪತ್ರೆ ಕೊಟ್ಟ ಖರ್ಚಿನ ಅಂದಾಜಿನ ಮೂಲ ಪ್ರತಿ ಇರಲಿಲ್ಲ, ಜೆರಾಕ್ಸ್ ಇಟ್ಟಿದ್ದರು. ಮೂಲ ಪ್ರತಿ ಕಳಿಸಿ ಅಂತ ನಾನು ಎರಡು ಸಾಲಿನ ಪತ್ರ ಹಾಕಿದೆ. ಮತ್ತೆ ಬರೆದರು, ಮತ್ತೆ ಅದೇ ಉತ್ತರ ಹೋಯಿತು. ಮೂರನೇ ಸಲದ ಎದುರು ನನ್ನದೇ ಅಕ್ಷರದಲ್ಲಿ "ದಾಖಲೆ ಅಪೂರ್ಣ" ಅಂತ ಇದೆ. ಒಂದು ಫೋನ್ ಮಾಡಿದ್ದರೆ ಐದು ನಿಮಿಷದ ಮಾತು. ನಂಬರು ಅದೇ ಪುಟದಲ್ಲಿ ಇತ್ತು.

ಟಿಪ್ಪಣಿಯನ್ನು ಮತ್ತೆ ಬರೆದೆ. ಈ ಸಲ ಕಲಂಗಳನ್ನು ಒಂದು ಪುಟಕ್ಕೆ ಇಳಿಸಿ, ದೆಹಲಿಗೆ ಹೋಗಿ ವಾಪಸ್ ಬಂದವರ ದಾರಿಗಳನ್ನು ಬರೆದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಉದಾಹರಣೆ ಬೇಕಾದಷ್ಟಿದೆ. ಎಸ್.ಎಂ. ಕೃಷ್ಣ ಅವರೊಬ್ಬರ ಬದುಕಿನಲ್ಲೇ ಎರಡೂ ಥರದ್ದು ಸಿಗುತ್ತದೆ. 1980ರ ದಶಕದಲ್ಲಿ ಕೇಂದ್ರದಲ್ಲಿ ರಾಜ್ಯ ಸಚಿವರಾಗಿದ್ದರು. ಆಮೇಲೆ 1989ರಲ್ಲಿ ಮದ್ದೂರಿನಿಂದ ಗೆದ್ದು ಬಂದು ವಿಧಾನಸಭಾಧ್ಯಕ್ಷರಾದರು, ಉಪಮುಖ್ಯಮಂತ್ರಿಯಾದರು. 1994ರಲ್ಲಿ ಸೋತರು, ರಾಜ್ಯಸಭೆಗೆ ಹೋದರು. 1999ರಲ್ಲಿ ರಾಜ್ಯ ಕಾಂಗ್ರೆಸ್ ಅಧ್ಯಕ್ಷರಾಗಿ ಊರೂರು ಸುತ್ತಿ, ಮತ್ತೆ ಮದ್ದೂರು ಗೆದ್ದು ಮುಖ್ಯಮಂತ್ರಿಯಾದರು. ಅದೇ ಕೃಷ್ಣ 2012ರ ಅಕ್ಟೋಬರ್‌ನಲ್ಲಿ ವಿದೇಶಾಂಗ ಸಚಿವ ಸ್ಥಾನ ಬಿಟ್ಟು ಬಂದಾಗ, ರಾಜ್ಯದಲ್ಲಿ ಮತ್ತೆ ದೊಡ್ಡ ಪಾತ್ರ ಇದೆ ಅಂತ ಎಷ್ಟೋ ಜನ ಮಾತಾಡಿಕೊಂಡರು. 2013ರ ಚುನಾವಣೆ ಅವರಿಲ್ಲದೆಯೇ ನಡೆದುಹೋಯಿತು. ಅವರ ಹೆಸರಿನ ತೂಕ ಕಡಿಮೆಯಾಗಿರಲಿಲ್ಲ. ಆದರೆ ನಡುವೆ ರಾಜಭವನ, ರಾಜ್ಯಸಭೆ, ವಿದೇಶಾಂಗ ಅಂತ ಎಂಟು ವರ್ಷ ಕಳೆದಿತ್ತು. ಅಷ್ಟರಲ್ಲಿ ರಾಜ್ಯದ ಪಕ್ಷದಲ್ಲಿ ಬೇರೆಯವರು ಬೆಳೆದು ನಿಂತಿದ್ದರು.

ವಿ. ಶ್ರೀನಿವಾಸ ಪ್ರಸಾದ್ ಅವರದ್ದು ಬೇರೆ ರೀತಿ. ವಾಜಪೇಯಿ ಸರ್ಕಾರದಲ್ಲಿ ರಾಜ್ಯ ಸಚಿವರಾಗಿದ್ದವರು 2008 ಮತ್ತು 2013ರಲ್ಲಿ ನಂಜನಗೂಡಿನಿಂದ ಶಾಸಕರಾದರು, ಕಂದಾಯ ಸಚಿವರೂ ಆದರು. 2016ರಲ್ಲಿ ಸಂಪುಟದಿಂದ ಕೈಬಿಟ್ಟಾಗ ರಾಜೀನಾಮೆ ಕೊಟ್ಟು, 2017ರ ಉಪಚುನಾವಣೆಯಲ್ಲಿ ಪಕ್ಷ ಬದಲಿಸಿ ಅದೇ ನಂಜನಗೂಡಿನಲ್ಲಿ ನಿಂತು ಸೋತರು. ಎರಡು ವರ್ಷದಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಗೆದ್ದರು. ಆ ಭಾಗದ ಜನ ಅವರನ್ನು ದಶಕಗಳಿಂದ ನೋಡಿಕೊಂಡು ಬಂದಿದ್ದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ ಅಂತಲೇ ನಾನು ಅದನ್ನು ಓದುತ್ತೇನೆ.

ಟಿಪ್ಪಣಿ ಕೊಟ್ಟು ಎಷ್ಟೋ ದಿನದ ಮೇಲೆ, 2023ರಲ್ಲಿ, ಇನ್ನೂ ಸ್ಪಷ್ಟವಾಗಿ ನೋಡಲು ಸಿಕ್ಕಿತು. ಕೋಲಾರದಿಂದ ಸತತ ಏಳು ಸಲ ಗೆದ್ದು, ಕೇಂದ್ರದಲ್ಲಿ ಮಂತ್ರಿಯಾಗಿದ್ದ ಕೆ.ಎಚ್. ಮುನಿಯಪ್ಪ 2019ರಲ್ಲಿ ಅಲ್ಲೇ ಸೋತಿದ್ದರು. ಅವರು ವಿಧಾನಸಭೆಗೆ ಬಂದದ್ದು ಕೋಲಾರ ಜಿಲ್ಲೆಯಿಂದಲ್ಲ, ಪಕ್ಕದ ದೇವನಹಳ್ಳಿಯಿಂದ. ಗೆದ್ದು ಆಹಾರ ಸಚಿವರಾದರು. ಹಳೆಯ ನೆಲದಲ್ಲಿ ಹಳೆಯ ಜಗಳಗಳೂ ಇರುತ್ತವೆ ಅಲ್ವಾ. ಹೊಸ ಜಾಗದಲ್ಲಿ ಅವು ಕಡಿಮೆ. ಅದೇ ವರ್ಷ ಮಧ್ಯಪ್ರದೇಶದಲ್ಲಿ ಬಿಜೆಪಿ ಮೂವರು ಕೇಂದ್ರ ಸಚಿವರನ್ನು ವಿಧಾನಸಭೆಗೆ ಇಳಿಸಿತು. ನರೇಂದ್ರ ಸಿಂಗ್ ತೋಮರ್ ದಿಮನಿಯಲ್ಲಿ ಗೆದ್ದರು, ಪ್ರಹ್ಲಾದ್ ಪಟೇಲ್ ನರಸಿಂಗಪುರದಲ್ಲಿ ಗೆದ್ದರು, ಫಗ್ಗನ್ ಸಿಂಗ್ ಕುಲಸ್ತೆ ನಿವಾಸ್‌ನಲ್ಲಿ ಸೋತರು. ಪಟೇಲ್ ನಿಂತ ಕ್ಷೇತ್ರದಲ್ಲಿ ಅದಕ್ಕೆ ಮೊದಲು ಶಾಸಕರಾಗಿದ್ದವರು ಅವರ ತಮ್ಮನೇ. ಬೂತಿಗೆ ಯಾರು ಕೂರುತ್ತಾರೆ ಅನ್ನುವ ಪ್ರಶ್ನೆ ಅಲ್ಲಿ ಮನೆಯೊಳಗೇ ಬಗೆಹರಿದಿತ್ತು. ಕುಲಸ್ತೆ ಆರೇ ತಿಂಗಳಲ್ಲಿ ಮಂಡ್ಲಾದಿಂದ ಮತ್ತೆ ಲೋಕಸಭೆಗೆ ಗೆದ್ದರು. ಸಂಸದನಾಗಿ ಬೇಕಾದವರನ್ನೇ ಶಾಸಕನಾಗಿ ಬೇಡ ಅನ್ನುವ ಮತದಾರರು ಇರುತ್ತಾರೆ.

ಟಿಪ್ಪಣಿಯಲ್ಲಿ ಇನ್ನೊಂದು ಮಾತು ಬರೆದಿದ್ದೆ, ಅದನ್ನು ಬರೆಯಲು ಧೈರ್ಯ ಬೇಕಾಯಿತು. ವಾಪಸ್ ಬರುವವರಿಗೆ ಮೊದಲ ಎದುರಾಳಿ ಸ್ವಂತ ಪಕ್ಷದಲ್ಲೇ ಇರುತ್ತಾರೆ. 224 ಶಾಸಕರ ಸಭೆ ನಮ್ಮದು. ಸಂಪುಟ ಶೇಕಡ 15 ದಾಟುವಂತಿಲ್ಲ ಅನ್ನುವ ನಿಯಮದಿಂದ ಮುಖ್ಯಮಂತ್ರಿ ಸೇರಿ 34 ಜನ. ಜಿಲ್ಲೆ, ಜಾತಿ, ಹಿರಿತನ ಅಂತ ಹಂಚಿದರೆ ಒಂದು ಜಿಲ್ಲೆಗೆ ಒಂದೋ ಎರಡೋ. ಕೇಂದ್ರದಲ್ಲಿ ಮಂತ್ರಿಯಾಗಿದ್ದವರು ಬಂದು ಬರೀ ಶಾಸಕರಾಗಿ ಹಿಂದಿನ ಸಾಲಿನಲ್ಲಿ ಕೂರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಹಾಗಾದರೆ ಯಾರ ಕುರ್ಚಿ ಹೋಗುತ್ತದೆ? ಜಿಲ್ಲೆಯ ಎರಡನೇ ಸಾಲಿನ ನಾಯಕರು ಈ ಲೆಕ್ಕವನ್ನು ನಮಗಿಂತ ಮೊದಲೇ ಮಾಡಿರುತ್ತಾರೆ.

ಸಾಹೇಬರು ಇದನ್ನು ಓದಿ ಏನೂ ಹೇಳಲಿಲ್ಲ. ಪುಸ್ತಕದ ಆ ಪುಟವನ್ನೂ ತೋರಿಸಿದೆ, ನನ್ನ ತಪ್ಪು ಅಂತ ಹೇಳಿದೆ. ಅವರು ಬೈಯಲಿಲ್ಲ. "ಸಹಿ ನಂದೇ ಅಲ್ವೇನಪ್ಪ" ಅಂದರು. ಆಮೇಲೆ, "ನಡಿ, ಹೋಗಿ ಬರೋಣ" ಅಂದರು.

ಆ ಏಜೆಂಟರ ಮನೆಗೆ ಹೋದೆವು. ಜಗಲಿ ಮೇಲೆ ಚಾಪೆ ಹಾಸಿದರು, ಕಾಫಿ ಕೊಟ್ಟರು. ತಮ್ಮ ಹುಷಾರಾಗಿದ್ದರು, ಅವರೇ ಬಂದು ಮಾತಾಡಿಸಿದರು. ಸಾಹೇಬರು ಚುನಾವಣೆ ಮಾತು ಎತ್ತಲೇ ಇಲ್ಲ. ಹೊರಡುವಾಗ ಏಜೆಂಟರೇ ಎತ್ತಿದರು. "ಸಾಹೇಬ್ರೇ, ನೀವು ಯಾವತ್ತು ಬಂದ್ರೂ ಈ ಮನೆ ನಿಮ್ದು. ಆದ್ರೆ ನಾನು ಬೂತಿಗೆ ಕೂರೋದು ಈಗಿರೋ ಎಮ್ಮೆಲ್ಲೆ ಕಡೆ. ಆಪರೇಷನ್ ದಿನ ರಾತ್ರಿಯೆಲ್ಲಾ ಆಸ್ಪತ್ರೆ ಹತ್ರ ನಿಂತಿದ್ದು ಅವರ ಹುಡುಗ್ರು. ತಪ್ಪು ತಿಳ್ಕೋಬೇಡಿ." ಸಾಹೇಬರು ಅವರ ಕೈ ಹಿಡಿದುಕೊಂಡು, "ಸರಿಯಾಗೇ ಹೇಳಿದ್ದೀಯ" ಅಂದರು. ಕಾರಿನಲ್ಲಿ ತುಂಬಾ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಆ ಸಲ ಅವರು ನಿಲ್ಲಲಿಲ್ಲ.

ನಾನು ಈಗ ಬೇರೊಬ್ಬ ಸಂಸದರ ಕಚೇರಿಯಲ್ಲಿ ಇದ್ದೇನೆ. ಟಪಾಲು ಪುಸ್ತಕದಲ್ಲಿ ಎರಡು ಹೊಸ ಕಾಲಂ ಹಾಕಿಕೊಂಡಿದ್ದೇನೆ. ಒಂದು, ಫೋನ್ ಮಾಡಿದ ದಿನಾಂಕ. ದಾಖಲೆ ಕಡಿಮೆ ಇದ್ದರೆ ಪತ್ರ ಹಾಕುವ ಮೊದಲು ಫೋನ್ ಮಾಡುತ್ತೇನೆ. ಇನ್ನೊಂದು, ಹೋಬಳಿ. ತಿಂಗಳ ಕೊನೆಗೆ ಹೋಬಳಿವಾರು ಎಣಿಸುತ್ತೇನೆ. ಎಲ್ಲಿಂದ ಜಾಸ್ತಿ ಬಂದಿದೆ ಅನ್ನುವುದಕ್ಕಿಂತ ಎಲ್ಲಿಂದ ನಿಂತುಹೋಗಿದೆ ಅಂತ ಮೊದಲು ನೋಡುತ್ತೇನೆ.

ಕಳೆದ ತಿಂಗಳು ಒಂದು ಹೋಬಳಿಯಿಂದ ಒಂದೂ ಪತ್ರ ಇರಲಿಲ್ಲ. ಅದರ ಹಿಂದಿನ ತಿಂಗಳೂ ಇರಲಿಲ್ಲ. ಅಲ್ಲಿನ ಒಬ್ಬರಿಗೆ ಫೋನ್ ಮಾಡಿ, "ಏನಣ್ಣ, ಎಲ್ಲಾ ಆರಾಮಾ? ಯಾಕೆ ಏನೂ ಕಳಿಸಿಲ್ಲ?" ಅಂತ ಕೇಳಿದೆ. "ಏನಿಲ್ಲ, ನೀವು ಬ್ಯುಸಿ ಇರ್ತೀರಾ ಅಂತ ಸುಮ್ನೆ ಇದ್ವಿ" ಅಂದರು. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಒಂದೊಂದೇ ಹೇಳತೊಡಗಿದರು. ಫೋನ್ ಇಡುವಷ್ಟರಲ್ಲಿ ಹನ್ನೊಂದು ಅರ್ಜಿ ಬರೆದುಕೊಂಡಿದ್ದೆ. ಅದರಲ್ಲಿ ಎರಡು ಆಪರೇಷನ್ನಿನವು.