ದುಡ್ಡಿಲ್ಲದ್ದಕ್ಕೆ ಉಳಿದ ನೆಲ
ತೀರ್ಥಹಳ್ಳಿ ಕಡೆಯ ಅಜ್ಜನ ಮನೆ ರಿಪೇರಿ ನಡೀತಿದೆ. ಜಗುಲಿಯ ರೆಡ್ ಆಕ್ಸೈಡ್ ನೆಲ ಒಡೆಸಿ ಟೈಲ್ಸ್ ಹಾಕ್ಸಿ ಅಂದ್ರು ಬಂದವರೆಲ್ಲ. ದುಡ್ಡಿರಲಿಲ್ಲ, ನೆಲ ಉಳೀತು. ಸೋಪುನೀರಲ್ಲಿ ಉಜ್ಜಿ, ಒಣಗಿಸಿ, ಹಳೇ ಪಂಚೆ ತುಂಡಲ್ಲಿ ಕೊಬ್ಬರಿ ಎಣ್ಣೆ ತಿಕ್ಕಿದೆ. ಅಜ್ಜಿ ಕೂತು ಅಡಿಕೆ ಸುಲೀತಿದ್ದ ಮೂಲೆ ಮಾತ್ರ ಉಳಿದ ಕಡೆಗಿಂತ ಜಾಸ್ತಿ ಮಿಂಚ್ತು. ಕೈಯಲ್ಲಿ ದುಡ್ಡಿದ್ದಿದ್ರೆ ಈ ಮೂಲೆ ಲಾರಿ ಹತ್ತಿ ಹೋಗಿರ್ತಿತ್ತು ಅನ್ನಿಸಿ ಒಂದು ಕ್ಷಣ ಹಾಗೇ ಕೂತೆ.

ಗೋಡೆ ವಿಷಯದಲ್ಲಿ ನಂದೇ ಎಡವಟ್ಟು. ಹೋದ ವರ್ಷ ಪುಟ್ಟಿ ಹಾಕಿಸಿ ಎಮಲ್ಷನ್ ಪೇಂಟ್ ಹೊಡೆಸಿದ್ದೆ; ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು. ಮಣ್ಣಿನ ಗೋಡೆ, ಒಳಗಿನ ತೇವ ಹೊರಗೆ ಹೋಗ್ಬೇಕಲ್ಲ! ಈ ಸಲ ಎಲ್ಲ ಕೆರೆದು, ಸುಣ್ಣ ನೆನೆಸಿ ಸೋಸಿ, ಚೂರು ನೀಲಿ ಬೆರೆಸಿ ಬಳಿದ್ವಿ. ಬಳಿಯುವಾಗ ಏನೂ ಕಾಣಲ್ಲ, ಒಣಗಿದ ಮೇಲೆ ನೋಡ್ಬೇಕು ಬಿಳುಪು.

ಮಾಡಿಗೆ ಮಂಗಳೂರು ಹೆಂಚು. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಕಾರ್ಖಾನೆ ಶುರು ಮಾಡಿದ್ರಲ್ಲ, ಅದೇ ಜಾತಿ. ಒಡೆದ 40 ಹೆಂಚಿಗೆ ಬದಲು, ಪಕ್ಕದೂರಲ್ಲಿ ಕೆಡವಿದ ಮನೆಯದ್ದು ಅಗ್ಗಕ್ಕೆ ಸಿಕ್ತು. ನಡುವೆ ಎರಡು ಗಾಜಿನ ಹೆಂಚು ಕೂರಿಸಿದ್ದೀನಿ. ಹನ್ನೊಂದು ಗಂಟೆಗೆ ಅಡುಗೆಮನೆಯಲ್ಲಿ ಅಂಗೈಯಗಲ ಬಿಸಿಲು ಬೀಳುತ್ತೆ. ಅಮ್ಮ ಆಗಲೇ ಅಲ್ಲಿ ಉಪ್ಪಿನಕಾಯಿ ಜಾಡಿ ತಂದಿಟ್ಟಿದ್ದಾಳೆ.