ಮಾವ ಚಾ ಹೊತ್ತ ಮೆಟ್ಟಿಲು

ಮುಂಬೈಗೆ ಏಳೆಂಟು ಸಲ ಹೋಗಿದ್ದೀನಿ, ಆದ್ರೆ ಫೋರ್ಟ್ ಏರಿಯಾನ ಕಾಲ್ನಡಿಗೇಲಿ ನೋಡಿದ್ದು ಈ ಜನವರೀಲೇ ಮೊದ್ಲು, ಅದೂ ಡೊಂಬಿವಲಿಯ ಮಾವನ ಜೊತೆ. ಮಾವ ಕುಂದಾಪುರ ಕಡೆಯವ್ರು, ಹದಿನಾಲ್ಕನೇ ವಯಸ್ಸಿಗೆ ಬೊಂಬಾಯಿ ಬಸ್ ಹತ್ತಿ ಬಂದು ಫೋರ್ಟ್‌ನ ಒಂದು ಕ್ಯಾಂಟೀನಲ್ಲಿ ಮಾಣಿ ಆಗಿ ಸೇರಿದ್ರು, ಹಗಲೆಲ್ಲ ಆಫೀಸುಗಳಿಗೆ ಚಾ ಕೊಡೋದು, ರಾತ್ರಿ ಅಲ್ಲೇ ಕನ್ನಡ ನೈಟ್ ಸ್ಕೂಲು. ಹಾಗೇ ಓದಿ ಎಸ್ಸೆಸ್ಸಿ ಪಾಸ್ ಮಾಡಿ, ಬ್ಯಾಂಕ್ ಸೇರಿ, ಈಗ ರಿಟೈರ್ ಆಗಿದ್ದಾರೆ.

ಬೆಳಿಗ್ಗೆ ವಿಟಿಲಿ, ಅಂದ್ರೆ ವಿಕ್ಟೋರಿಯಾ ಟರ್ಮಿನಸಲ್ಲಿ ಇಳಿದ್ವಿ. ಈಗ ಸಿಎಸ್‌ಎಂಟಿ, ಮಾವನ ಬಾಯಲ್ಲಿ ಇನ್ನೂ ವಿಟೀನೇ. 1878ರಲ್ಲಿ ಶುರು ಮಾಡಿ ಹತ್ತು ವರ್ಷ ಕಟ್ಟಿದ ಸ್ಟೇಷನ್, ಡಿಸೈನ್ ಎಫ್. ಡಬ್ಲ್ಯೂ. ಸ್ಟೀವನ್ಸ್ ಅವರದ್ದು. ಟ್ರೈನ್ ಹಿಡಿಯೋ ಗಡಿಬಿಡೀಲಿ ಯಾರೂ ಕತ್ತೆತ್ತಲ್ಲ, ನಾನೂ ಎತ್ತಿರ್ಲಿಲ್ಲ. ಈ ಸಲ ನಿಂತು ನೋಡಿದ್ರೆ ಕಲ್ಲಿನ ತುಂಬಾ ಎಲೆ, ಬಳ್ಳಿ, ನವಿಲು, ಕೋತಿ! ಆ ಕೆತ್ತನೆಗೆ ಜೆಜೆ ಆರ್ಟ್ ಸ್ಕೂಲಿನ ಹುಡುಗ್ರೂ ಕೈ ಹಾಕಿದ್ರು.

ಅಲ್ಲಿಂದ ಡಿ.ಎನ್. ರೋಡಲ್ಲಿ ನಡೆದ್ರೆ ಬಿಸಿಲೇ ತಾಗಲ್ಲ, ಒಂದೊಂದು ಬಿಲ್ಡಿಂಗ್ ಒಂದೊಂದು ಥರ ಇದ್ರೂ ಕೆಳಗೆ ಕಮಾನಿನ ಸಾಲು ಮಾತ್ರ ಉದ್ದಕ್ಕೂ ಸಾಗುತ್ತೆ, ಹಳೇ ಪುಸ್ತಕ, ಬೆಲ್ಟು, ಮೊಬೈಲ್ ಕವರ್ ಮಾರೋರೆಲ್ಲ ಅದೇ ನೆರಳಲ್ಲಿ. ಫೋರ್ಟ್ ಅಂತ ಹೆಸರಿದ್ರೂ ಕೋಟೆ ಗೋಡೆ ಇಲ್ಲ, 1860ರ ದಶಕದಲ್ಲೇ ಕೆಡವಿದ್ರು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ರೇಟ್ ಏರಿ ಬೊಂಬಾಯಿಗೆ ದುಡ್ಡು ಹರಿದು ಬಂದ ಕಾಲ ಅದು. ಯೂನಿವರ್ಸಿಟಿಯ ರಾಜಾಬಾಯಿ ಟವರ್‌ಗೆ ದುಡ್ಡು ಕೊಟ್ಟ ಪ್ರೇಮಚಂದ್ ರಾಯಚಂದ್ ಕೂಡ ಹತ್ತಿ ವ್ಯಾಪಾರದವ್ರೇ, ರಾಜಾಬಾಯಿ ಅವ್ರ ತಾಯಿ ಹೆಸರು.

ಟೌನ್ ಹಾಲ್ ಮೆಟ್ಟಿಲ ಮೇಲೆ ಸ್ವಲ್ಪ ಕೂತು ತಾಜ್ ಹೋಟೆಲ್ ಕಡೆ ಹೋದ್ವಿ. ತಾಜ್ ಶುರುವಾಗಿದ್ದು 1903ರ ಡಿಸೆಂಬರಲ್ಲಿ, ಎದುರಿಗಿರೋ ಗೇಟ್‌ವೇ ಆಫ್ ಇಂಡಿಯಾ ಮುಗಿದಿದ್ದು 1924ರಲ್ಲಿ, ಅಂದ್ರೆ ಇಪ್ಪತ್ತು ವರ್ಷ ಹಡಗಲ್ಲಿ ಬಂದೋರಿಗೆ ಇಲ್ಲಿ ಗೇಟ್‌ವೇ ಇಲ್ಲ, ಆ ಕೆಂಪು ಗುಮ್ಮಟಾನೇ ಕಾಣ್ತಿತ್ತು. ಮಾವ ಇಷ್ಟು ವರ್ಷದಲ್ಲಿ ಒಮ್ಮೆಯೂ ಒಳಗೆ ಹೋಗಿರ್ಲಿಲ್ಲ. ಒತ್ತಾಯ ಮಾಡಿ ಸೀ ಲೌಂಜಿಗೆ ಕರ್ಕೊಂಡು ಹೋದೆ. ಕಿಟಕಿ ಪಕ್ಕ ಕೂತ್ರು, ಸಮುದ್ರ ನೋಡ್ಲಿಲ್ಲ, ಚಾ ತಂದ ಹುಡುಗ ಟ್ರೇ ಹೇಗೆ ಇಳಿಸ್ತಾನೆ ಅಂತ್ಲೇ ನೋಡ್ತಿದ್ರು. ಅವ್ನು ಕಪ್ಪಿನ ಹಿಡಿಯನ್ನ ಮಾವನ ಬಲಗೈ ಕಡೆ ತಿರುಗಿಸಿ ಇಟ್ಟ. "ಲಾಯ್ಕ್ ಕಲ್ತಿದ್ದ" ಅಂದ್ರು ಮಾವ, ಅಷ್ಟೇ.

ಆದ್ರೆ ಆ ದಿನ ನನ್ನ ಮನಸ್ಸಲ್ಲಿ ಉಳಿದಿದ್ದು ತಾಜ್ ಅಲ್ಲ. ಸಂಜೆ ವಾಪಸ್ ಬರ್ತಾ ಕಾಲಾ ಘೋಡಾದಲ್ಲಿ ಮಾವ ತಟ್ಟನೆ ನಿಂತ್ರು. ಎದುರಿಗೆ ಎಸ್ಪ್ಲನೇಡ್ ಮ್ಯಾನ್ಶನ್, ಖಾಲಿ ಬಿದ್ದಿದೆ. 1871ರಲ್ಲಿ ಶುರುವಾದಾಗ ಇದು ವಾಟ್ಸನ್ಸ್ ಹೋಟೆಲ್, ಬೊಂಬಾಯಿಯ ಅತಿ ದೊಡ್ಡ ಹೋಟೆಲ್‌ಗಳಲ್ಲಿ ಒಂದು. ಕಂಬ, ತೊಲೆ, ಇಡೀ ಕಬ್ಬಿಣದ ಚೌಕಟ್ಟನ್ನ ಇಂಗ್ಲೆಂಡಲ್ಲಿ ಎರಕ ಹೊಯ್ದು ಹಡಗಲ್ಲಿ ತಂದು ಇಲ್ಲಿ ಜೋಡಿಸಿದ್ರು. ನಡುವೆ ಚೌಕ, ಮೇಲೆ ಗಾಜಿನ ಸೂರು. ಬರೀ ಯುರೋಪಿಯನ್ನರಿಗೆ, ಊಟ ಬಡಿಸೋ ಹೆಂಗಸರೂ ಇಂಗ್ಲೆಂಡಿನವ್ರೇ. 1896ರ ಜುಲೈ 7ಕ್ಕೆ ಲೂಮಿಯೇರ್ ಸಹೋದರರ ಸಿನಿಮಾ ತೋರಿಸಿದ್ದೂ ಇಲ್ಲೇ, ಭಾರತದಲ್ಲಿ ಪರದೆ ಮೇಲೆ ಚಿತ್ರ ಓಡಿದ್ದು ಅವತ್ತೇ ಮೊದ್ಲು, ಟಿಕೆಟ್ ಒಂದು ರೂಪಾಯಿ.

ಮಾವ ಬರೋ ಹೊತ್ತಿಗೆ ಹೋಟೆಲ್ ಮುಚ್ಚಿ ಎಷ್ಟೋ ವರ್ಷ ಆಗಿತ್ತು, ರೂಮುಗಳನ್ನ ಹಲಗೆ ಹೊಡೆದು ಹೊಡೆದು ಸಣ್ಣ ಗೂಡು ಮಾಡಿದ್ರು, ಹೈಕೋರ್ಟ್ ಹತ್ರ ಇದ್ದಿದ್ದಕ್ಕೆ ವಕೀಲರ ಆಫೀಸುಗಳೇ ಜಾಸ್ತಿ. "ಅಲ್ ಕಾಣ್ ಮಾಣಿ, ಮೂರ್ನೇ ಮಾಳಾ, ಬಲಬದಿಂದ ನಾಲ್ಕ್ನೇ ಕಿಟ್ಕಿ" ಅಂದ್ರು. ಮಾವ ಚೌಕದಲ್ಲಿ ನಿಂತು "ಚಾಯ್" ಅಂತ ಕೂಗಿದ್ರೆ ಮೇಲೆ ಕಟಾಂಜನದಿಂದ ಗುಮಾಸ್ತರು ಬಗ್ಗಿ ಎಷ್ಟು ಗ್ಲಾಸು ಅಂತ ಬೆರಳಲ್ಲೇ ತೋರಿಸ್ತಿದ್ರಂತೆ, ಗದ್ದಲದಲ್ಲಿ ಮಾತು ಕೇಳ್ತಿರ್ಲಿಲ್ಲ. ಮಳೆಗಾಲದಲ್ಲಿ ಮೇಲಿಂದ ನೀರು ತೊಟ್ಟಿಕ್ಕೋದು, ಗ್ಲಾಸಿನ ತಂತಿ ಸ್ಟ್ಯಾಂಡ್ ಮೇಲೆ ಪೇಪರ್ ಮುಚ್ಕೊಂಡು ಓಡ್ಬೇಕಿತ್ತಂತೆ.

2005ರಲ್ಲಿ ಒಂದು ಬಾಲ್ಕನಿ ಕುಸೀತು, 2019ರಲ್ಲಿ ಎಲ್ಲರನ್ನೂ ಖಾಲಿ ಮಾಡಿಸಿದ್ರು. ಕೆಡವಿಬಿಡಿ ಅಂತ ಒಂದು ವರದಿ ಬಂತು, ಕಟ್ಟಡ ಉಳಿಸಲೇಬೇಕು ಅಂತ ಪರಂಪರೆ ತಜ್ಞರು ಪಟ್ಟು ಹಿಡಿದ್ರು. ನನಗಂತೂ ಉಳಿಸಲೇಬೇಕು ಅನ್ಸುತ್ತೆ. ಸಿನಿಮಾ ತೋರಿಸಿದ ಜಾಗ ಅನ್ನೋದೊಂದೇ ಅಲ್ಲ, ನೂರು ವರ್ಷದ ಹಿಂದೆ ನಮ್ಮೋರನ್ನ ಅತಿಥಿ ಅಂತ ಒಳಗೆ ಬಿಡದ ಆ ಮೆಟ್ಟಿಲನ್ನ ಆಮೇಲೆ ಕುಂದಾಪುರದ ಹುಡುಗ ದಿನಕ್ಕೆ ಇಪ್ಪತ್ತು ಸಲ ಹತ್ತಿದ್ದಾನೆ, ಅದೂ ಆ ಕಟ್ಟಡದ ಚರಿತ್ರೆ ತಾನೇ.

ಕತ್ತಲಾಯ್ತು, ವಿಟಿಗೆ ಹೋಗ್ಬೇಕಿತ್ತು, ಮಾವ ಕದಲಲಿಲ್ಲ. ರಸ್ತೆ ಆಚೆ ಒಬ್ಬ ಹುಡುಗ ಸೈಕಲ್ ಮೇಲೆ ಕೆಟಲ್ ಇಟ್ಕೊಂಡು ಚಾ ಮಾರ್ತಿದ್ದ. ಟ್ರಾಫಿಕ್ ಸದ್ದಲ್ಲಿ ಕೂಗಿದ್ರೆ ಕೇಳೋ ಹಾಗಿರ್ಲಿಲ್ಲ. ಮಾವ ಕೈ ಮೇಲೆತ್ತಿ ಎರಡು ಬೆರಳು ತೋರಿಸಿದ್ರು.